ಎರ್ಮಿಲೊನ ಬಾಯಿ

ಪೋಸ್ಟರಿನಲ್ಲಿ ತನ್ನದೆಂದು ಉಳಿದಿರುವುದು ಬಲಗೈಯ ಮೊಣಕೈ ಒಂದೇ ಎಂಬುದು ಕ್ರಿಸಾಂತೊನಿಗೆ ತಿಳಿದದ್ದು ಭಾನುವಾರ ಬೆಳಿಗ್ಗೆ, ರೊಟ್ಟಿ ಅಂಗಡಿಯ ಗೋಡೆಯ ಮುಂದೆ ನಿಂತಾಗ. ಐದು ತಂತಿಯ ಪುಟ್ಟ ಹರಾನವನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದು ಹಾಡುತ್ತಿರುವ ಎರ್ಮಿಲೊ ಇಡೀ ಕಾಗದವನ್ನು ತುಂಬಿದ್ದ. 'ವಾಸ್ತೆಕ ಸೀಮೆಯ ಕಂಠಕ್ಕೆ ಊರಿನ ಗೌರವ' ಎಂದು ಮೇಲೆ ಕೆಂಪಕ್ಷರ. ಅಂಚಿನಲ್ಲಿ, ಕತ್ತರಿಯ ಬಾಯಿಗೆ ಸಿಗದೆ ಹೇಗೋ ತಪ್ಪಿಸಿಕೊಂಡಂತೆ ಒಂದು ಬಿಳಿ ಅಂಗಿಯ ತೋಳು, ಮೊಣಕೈ, ಪಿಟೀಲಿನ ಕಮಾನಿನ ತುದಿ. ತೋಳಿಗೆ ಹೆಂಡತಿ ಹಾಕಿದ್ದ ತೇಪೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಗಡಿಯ ಹೆಂಗಸು ಬುಟ್ಟಿಯ ಮೇಲಿನ ಬಟ್ಟೆ ಸರಿಸುತ್ತ, "ದೊನ್ ಕ್ರಿಸಾಂತೊ, ನಿಮ್ಮ ಎರ್ಮಿಲೊ ಪಟದಲ್ಲಿ ಎಷ್ಟು ಚೆನ್ನಾಗಿ ಬಂದವ್ರೆ ನೋಡಿ," ಎಂದಳು. ಸುಮ್ಮನಿರಬೇಕೆಂದು ಅವನು ತೀರ್ಮಾನಿಸಿದ್ದ. ಆದರೆ ಬೆರಳು ತಾನಾಗಿ ಪೋಸ್ಟರಿನ ಅಂಚಿಗೆ ಹೋಗಿತ್ತು. "ಇದು ನನ್ನ ಕೈ." ಅವಳು ಬಗ್ಗಿ ನೋಡಿದಳು. "ಹೌದಾ? ಕಂಬ ಅಂದ್ಕೊಂಡಿದ್ದೆ ನಾನು."

ಮನೆಯ ಅಂಗಳದಲ್ಲಿ ಚೋನ ಮಡಕೆಯಲ್ಲಿ ಬೆಲ್ಲದ ಕಾಫಿ ಕುದಿಸುತ್ತಿದ್ದಳು. ಅವಳು ಪೋಸ್ಟರನ್ನು ಹಿಂದಿನ ದಿನವೇ ನೋಡಿದ್ದಾಳೆಂದು, ನೋಡಿಯೂ ಹೇಳಿಲ್ಲವೆಂದು ಅವಳ ಬೆನ್ನಿನಿಂದಲೇ ಅವನಿಗೆ ಗೊತ್ತಾಯಿತು. ನಲವತ್ತು ವರ್ಷ ಸಂಸಾರ ಮಾಡಿದವಳ ಬೆನ್ನು ಮುಖಕ್ಕಿಂತ ಹೆಚ್ಚು ಮಾತಾಡುತ್ತದೆ. ಅವನು ರೊಟ್ಟಿಯ ಪೊಟ್ಟಣವನ್ನು ಇಟ್ಟು, ಪಿಟೀಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಮಾನಿಗೆ ರಾಳ ತಿಕ್ಕತೊಡಗಿದ. ಬೇಕಾದ್ದಕ್ಕಿಂತ ಹೆಚ್ಚು ತಿಕ್ಕಿದ; ಬಿಳಿ ಪುಡಿ ಕಪ್ಪು ಪ್ಯಾಂಟಿನ ಮೇಲೆ ಉದುರಿತು. "ಹೆಸರಾದ್ರೂ ಹಾಕವ್ರಾ?" ಎಂದಳು ಚೋನ. "ಜಾಗ ಇರಲಿಲ್ಲ ಅನ್ಸುತ್ತೆ." "ಮೂವತ್ತು ವರ್ಷ ನೀವು ಅವನ ಬಾಯಿ ಆಗಿದ್ರಿ. ಹಾರ ಹಾಕೋದು ಕೊರಳಿಗೆ ರೀ. ಬಾಯಿಗೆ ಯಾರು ಹಾಕ್ತಾರೆ?" ಅವಳು ನಗಲಿಲ್ಲ. ನಕ್ಕಿದ್ದರೆ ಅವನು ಸಿಟ್ಟಾಗಬಹುದಿತ್ತು.

ಬಾಯಿ. ಅದು ನಿಜವೇ. ಎರ್ಮಿಲೊನ ನಾಲಿಗೆ ಹುಟ್ಟಿನಿಂದಲೇ ಮೊದಲಕ್ಷರಕ್ಕೆ ಕಟ್ಟಿಹಾಕಿದ ಕರುವಿನ ಹಾಗೆ. ಎಷ್ಟು ಎಳೆದರೂ ಗೂಟವನ್ನೇ ಸುತ್ತುತ್ತದೆ. ಹಾಡಿದರೆ ಮಾತ್ರ ಹಗ್ಗವಿಲ್ಲ, ಗೂಟವಿಲ್ಲ. ಕಬ್ಬಿನ ಗದ್ದೆಯಲ್ಲಿ ಮಚ್ಚು ಬೀಸುತ್ತ ಹಾಡುತ್ತಿದ್ದ ಇಪ್ಪತ್ತೆಂಟರ ಎರ್ಮಿಲೊನನ್ನು ಕ್ರಿಸಾಂತೊ ಮೊದಲು ಕೇಳಿದಾಗ ಯಾವಳೋ ಹೆಣ್ಣುಮಗಳೆಂದುಕೊಂಡಿದ್ದ. ಸಾಲಿನ ನಡುವೆ ದನಿ ಒಡೆದು ಮೇಲಕ್ಕೆ ಜಿಗಿದು, ಅಲ್ಲಿ ಗಾಳಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಏನೂ ಆಗದವರ ಹಾಗೆ ಕೆಳಗಿಳಿಯುವ ಕಳ್ಳದನಿ. ಅದಿಲ್ಲದೆ ಆ ಸೀಮೆಯ ವಾಪಾಂಗೊ ಹಾಡೇ ಇಲ್ಲ. ಕ್ರಿಸಾಂತೊನಿಗೆ ಅದು ಒಲಿಯಲಿಲ್ಲ. ಹರೆಯದಲ್ಲಿ ಹೊಳೆಯ ದಂಡೆಗೆ ಒಬ್ಬನೇ ಹೋಗಿ ಅಭ್ಯಾಸ ಮಾಡುತ್ತಿದ್ದ. ಆಚೆ ದಡದ ನಾಯಿಗಳು ಬೊಗಳುತ್ತಿದ್ದವು. ಪಿಟೀಲು ಒಲಿಯಿತು, ಪದ ಕಟ್ಟುವುದು ಒಲಿಯಿತು, ದನಿ ಒಲಿಯಲಿಲ್ಲ. ಆದ್ದರಿಂದ ದನಿ ಇದ್ದವನನ್ನು ಕರೆತಂದು, ಹರಾನ ಕೊಟ್ಟು, ಶ್ರುತಿ ಕಲಿಸಿ, ಪಕ್ಕದಲ್ಲಿ ಕೂರಿಸಿಕೊಂಡ. ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ ಅವನ ಮಾತನ್ನೆಲ್ಲ ತಾನೇ ಆಡಿದ. ಅವನ ಮದುವೆಯಲ್ಲಿ ಪಾದ್ರಿ 'ಒಪ್ಪಿಗೆಯೇ?' ಎಂದು ಕೇಳಿ ಕಾದು ಕಾದು ಕೈಗಡಿಯಾರ ನೋಡಿಕೊಂಡಾಗ, ಹಿಂದೆ ನಿಂತಿದ್ದ ಕ್ರಿಸಾಂತೊ ಮೆಲ್ಲಗೆ ಒಂದು ಸ್ವರ ಗುನುಗಿದ್ದ. ಎರ್ಮಿಲೊ ಆ ಸ್ವರವನ್ನು ಹಿಡಿದು 'ಒಪ್ಪಿಗೇ' ಎಂದು ಹಾಡಿಬಿಟ್ಟಿದ್ದ. ಇಗರ್ಜಿಗೆ ಇಗರ್ಜಿಯೇ ನಕ್ಕಿತ್ತು. ಅವತ್ತಿನಿಂದ ಅದೇ ಉಪಾಯ: ಅವನು ಸಿಕ್ಕಿಕೊಂಡರೆ ಇವನು ಸ್ವರ ಕೊಡುವುದು. ಹಾಗೆ ಸ್ವರ ಕೊಡುವಾಗ ತನ್ನೊಳಗೆ ಏಳುತ್ತಿದ್ದ ಬೆಚ್ಚನೆಯ ಭಾವವನ್ನು ಕ್ರಿಸಾಂತೊ ಬಹುಕಾಲ ಪ್ರೀತಿ ಎಂದೇ ತಿಳಿದಿದ್ದ.

ಚೌಕದಲ್ಲಿ ಹತ್ತು ಗಂಟೆಗೇ ಬಿಸಿಲು ಕಾದಿತ್ತು. ಸಂತೆಯ ದಿನವಾದ್ದರಿಂದ ಬೆಟ್ಟದ ಮೇಲಿನ ಹಳ್ಳಿಗಳವರೂ ಇಳಿದು ಬಂದಿದ್ದರು. ಕುಣಿಯುವವರ ಹಿಮ್ಮಡಿ ಬಡಿತಕ್ಕೆಂದು ಹಾಸಿದ ಮರದ ಹಲಗೆಗಳ ಹಿಂದೆ ಸಣ್ಣ ವೇದಿಕೆ, ಮೂರು ಕುರ್ಚಿ, ಒಂದು ಮೈಕು. ದೊಡ್ಡ ಗಿಟಾರಿನ ತಾಚೊ ಆಗಲೇ ಬಂದು, ತನ್ನ ಹೊಟ್ಟೆಯ ಮೇಲೆ ವಾದ್ಯವನ್ನು ಒರಗಿಸಿಕೊಂಡು ಬೆವರುತ್ತಿದ್ದ. "ಗುರುವೇ, ನಿನ್ನ ಮೊಣಕೈ ಏನು ಲಕ್ಷಣವಾಗಿ ಬಂದೈತೆ! ನನ್ನದು ಹೊಟ್ಟೆ ಕೂಡ ಬಂದಿಲ್ಲ ನೋಡು, ಅಷ್ಟು ದೊಡ್ಡದಿದ್ದೂ," ಎಂದ. ತಾಚೊನಿಗೆ ಅದು ನಿಜವಾಗಿಯೂ ತಮಾಷೆಯಾಗಿತ್ತು. ಇಂಥವರ ಹಾಗೆ ಇರಬೇಕು, ಎಂದು ಕ್ರಿಸಾಂತೊ ಯೋಚಿಸಿದ; ಮತ್ತು ಇಂಥವರ ಹಾಗೆ ಇರುವುದು ಎಂಥ ಹೀನ ಸ್ಥಿತಿ ಎಂದೂ ಯೋಚಿಸಿದ. ಸಂಸ್ಕೃತಿ ಭವನದ ಹುಡುಗಿ ರೆನಾತ ಕೈಯಲ್ಲಿ ಕಾಗದಗಳ ಕಟ್ಟು ಹಿಡಿದು ಓಡಿಬಂದಳು. "ದೊನ್ ಕ್ರಿಸಾಂತೊ, ನೀವು ಇಲ್ಲಿ. ಸ್ವಲ್ಪ ಹಿಂದೆ. ಇನ್ನೂ ಒಂಚೂರು. ಹಾಂ, ದೊನ್ ಎರ್ಮಿಲೊ ಮುಂದೆ ಬರ್ತಾರೆ, ಫೋಟೋದಲ್ಲಿ ಅಡ್ಡ ಆಗಬಾರದು ನೋಡಿ." ಅವಳು ಕೊಟ್ಟ ಕಾಗದದಲ್ಲಿ 'ಪಕ್ಕವಾದ್ಯ: ಕ್ರಿಸಾಂದ್ರೊ ಮತ್ತು ಸಂಗಡಿಗರು' ಎಂದಿತ್ತು. ಹೆಸರು ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದವನು, ಅವಳ ಕಣ್ಣು ಆಗಲೇ ಬೇರೆಲ್ಲೋ ಇದ್ದುದನ್ನು ಕಂಡು, "ಅವನ ಪರವಾಗಿ ಎರಡು ಮಾತು ನಾನು ಆಡ್ತೀನಲ್ಲ, ಅದು ಮೊದಲಾ, ಕೊನೆಗಾ?" ಎಂದು ಕೇಳಿದ. ಆ ಎರಡು ಮಾತನ್ನು ಅವನು ಒಂದು ವಾರದಿಂದ ಸಿದ್ಧಮಾಡಿಕೊಂಡಿದ್ದ. ಅದರಲ್ಲಿ ಕಬ್ಬಿನ ಗದ್ದೆ ಬರುತ್ತಿತ್ತು, ಹರಾನ ಕೊಟ್ಟದ್ದು ಬರುತ್ತಿತ್ತು. ಯಾರೂ ಗಮನಿಸದ ಹಾಗೆ ತಾನೂ ಬರುತ್ತಿದ್ದ.

ರೆನಾತಳ ಮುಖ ಅರಳಿತು. "ಅಯ್ಯೋ, ನಿಮಗೆ ಹೇಳಿಲ್ವಾ? ಇವತ್ತು ಅವರೇ ಮಾತಾಡ್ತಾರಂತೆ."

ಎರ್ಮಿಲೊ ಆಗ ಮಗಳ ಜೊತೆ ಬರುತ್ತಿದ್ದ. ಹೊಸ ಬಿಳಿ ಅಂಗಿ, ಕೊರಳಲ್ಲಿ ಕೆಂಪು ಕರವಸ್ತ್ರ, ತಾಳೆಗರಿಯ ಹೊಸ ಟೋಪಿ. ಐವತ್ತೆಂಟರ ಮುಖದಲ್ಲಿ ಪರೀಕ್ಷೆಗೆ ಹೊರಟವರ ಕಳೆ. ಮಗಳು ನೊಯೆಮಿ ಜಿಲ್ಲಾ ಪಟ್ಟಣದಲ್ಲಿ ಶಾಲೆಯ ಟೀಚರು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತದ್ದು ಕ್ರಿಸಾಂತೊ. ಅವಳಿಗೆ ಅವನು ಅಂದಿನಿಂದ ದೊಡ್ಡಪ್ಪ. "ಏನೋ, ನೀನೇ ಮಾತಾಡ್ತೀಯಂತೆ?" ಎಂದು ಕ್ರಿಸಾಂತೊ ಎರ್ಮಿಲೊನ ಭುಜದ ಮೇಲೆ ಕೈಹಾಕಿದ. ಎರ್ಮಿಲೊ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹ... ಹ... ಹೌದು ಅಣ್ಣ." ನೊಯೆಮಿ, "ಮೂರು ತಿಂಗಳಿಂದ ಕಲೀತಿದ್ದಾರೆ ದೊಡ್ಡಪ್ಪ. ಉಸಿರು ಹಿಡಿಯೋದು, ನಿಧಾನ ಮಾಡೋದು. ಯಾರೂ ಮಧ್ಯೆ ಬಾಯಿ ಹಾಕದೇ ಇದ್ರೆ ಪೂರ್ತಿ ಹೇಳ್ತಾರೆ," ಎಂದಳು. ಕೊನೆಯ ಮಾತನ್ನು ಅವಳು ಅವನ ಕಣ್ಣನ್ನೇ ನೋಡಿ ಹೇಳಿದಳೆಂದು ಅವನಿಗನ್ನಿಸಿತು. ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಎಷ್ಟು ಮದುವೆಗಳಿಗೆ ಒಟ್ಟಿಗೆ ಹೋಗಿದ್ದರು, ಎಷ್ಟು ಹಾದಿ ಒಟ್ಟಿಗೆ ನಡೆದಿದ್ದರು. ಇವನು ಒಂದು ಮಾತು ಹೇಳಿರಲಿಲ್ಲ. ಹೇಳಲಾಗದವನಿಗೆ ಮುಚ್ಚಿಡುವುದು ಎಷ್ಟು ಸುಲಭ! "ಏನು ಮಾತಾಡ್ತೀಯೋ?" ಎಂದು ನಗುತ್ತ ಕೇಳಿದ. ಎರ್ಮಿಲೊ ನಾಚಿಕೊಂಡವನ ಹಾಗೆ ನೆಲ ನೋಡಿದ. "ನಿ... ನಿನ್ನ ವಿ... ವಿಷಯ." ಅಷ್ಟು ಹೇಳಿ ತಂತಿ ಬಿಗಿಯಲು ಬಗ್ಗಿದ.

ಎರ್ಮಿಲೊ ಬಗ್ಗಿದ ಆ ಭಂಗಿಯನ್ನು ಕ್ರಿಸಾಂತೊ ಮೊದಲೂ ಕಂಡಿದ್ದ. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ರೀತಿ ಬಗ್ಗಿದ್ದ. ಕ್ರಿಸಾಂತೊನ ಅಂಗಳದ ಮಾವಿನ ಮರದ ಕೆಳಗೆ, ರಾಜಧಾನಿಯ ರೇಡಿಯೊದವನೊಬ್ಬ ಯಂತ್ರ ಇಟ್ಟುಕೊಂಡು ಎರಡು ದಿನ ಎರ್ಮಿಲೊನ ಹಾಡನ್ನು ಹಿಡಿದು, ಮೂರನೆಯ ದಿನ ಕಾಫಿಯ ಬಟ್ಟಲು ಕೆಳಗಿಟ್ಟು ಹೇಳಿದ್ದ: "ಈ ದನಿ ಇಲ್ಲಿ ಕೊಳೀಬಾರದು. ನೀವು ನಮ್ಮ ಜೊತೆ ಬನ್ನಿ. ಒಂದು ವರ್ಷ. ಅಲ್ಲಿ ನಮ್ಮ ವಾದ್ಯದವರು ಇದ್ದಾರೆ." ನಮ್ಮ ವಾದ್ಯದವರು ಎಂದರೆ ಪಿಟೀಲಿನವನೂ ಇದ್ದಾನೆ ಎಂದು. ಎರ್ಮಿಲೊನ ಕಣ್ಣು ದೊಡ್ಡದಾಯಿತು. ಬಾಯಿ ತೆರೆಯಿತು. "ಬ... ಬ... ಬರ್..." ಎಂದು ಗೂಟ ಸುತ್ತತೊಡಗಿತು. ಯಂತ್ರದವನು ಮರ್ಯಾದೆಯಿಂದ ಕಾಯುತ್ತಿದ್ದ. ಮಾವಿನ ಮರದಿಂದ ಒಂದು ಎಲೆ ಬಿತ್ತು. ಕ್ರಿಸಾಂತೊ ಎಂದಿನಂತೆ, ಅಂಗಡಿಯಲ್ಲಿ ಹುರುಳಿ ಕೊಳ್ಳುವಾಗ ಮಾಡುವಂತೆ, ಆ ಮಾತನ್ನು ಮುಗಿಸಿಕೊಟ್ಟ: "ಬರಲ್ಲ ಅಂತಾನೆ. ಊರು ಬಿಟ್ಟು ಅಭ್ಯಾಸ ಇಲ್ಲ ಅವನಿಗೆ." ಎರ್ಮಿಲೊನ ಬಾಯಿ ತೆರೆದೇ ಇತ್ತು. ಆಮೇಲೆ ಮುಚ್ಚಿತು. ಅವನು ಬಗ್ಗಿ, ಸರಿಯಾಗಿಯೇ ಇದ್ದ ತಂತಿಯನ್ನು ಬಿಗಿಯತೊಡಗಿದ. ಬರ್ತೀನಿ ಎನ್ನುತ್ತಿದ್ದನೋ, ಬರಲ್ಲ ಎನ್ನುತ್ತಿದ್ದನೋ? ಎರಡೂ ಒಂದೇ ಅಕ್ಷರದಿಂದ ಹೊರಡುತ್ತವಲ್ಲ! ಈ ಒಂದು ಆಧಾರದ ಮೇಲೆ ಕ್ರಿಸಾಂತೊ ಇಪ್ಪತ್ತೆರಡು ವರ್ಷ ಬದುಕಿದ್ದ. ಎರ್ಮಿಲೊ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತುವುದಕ್ಕೆ ಅವನಿಗೆ ಬಾಯಿ ಎಲ್ಲಿತ್ತು, ಬಾಯಿಯೇ ತಾನಾಗಿರುವಾಗ?

ಎರಡು ಹಾಡು ಮುಗಿಯಿತು. ಹಲಗೆಯ ಮೇಲೆ ಮುದುಕಿಯರು ಕೂಡ ಹೆಜ್ಜೆ ಬಡಿದರು. ಎರ್ಮಿಲೊನ ದನಿ ಈಚೆಗೆ ಸ್ವಲ್ಪ ಸೀಳಿತ್ತು. ಆ ಸೀಳಿನಿಂದಲೇ ಇನ್ನಷ್ಟು ಒಳಕ್ಕೆ ಇಳಿಯುತ್ತಿತ್ತು. ರೆನಾತ ಪದಕ ತೊಡಿಸಿದಳು, ಬಿನ್ನವತ್ತಳೆ ಓದಿದಳು, ಮೈಕನ್ನು ಅವನ ಎತ್ತರಕ್ಕೆ ಇಳಿಸಿ ಸರಿದು ನಿಂತಳು. ಚಪ್ಪಾಳೆ ನಿಂತಿತು. ಎರ್ಮಿಲೊ ಉಸಿರು ತೆಗೆದುಕೊಂಡ. "ನ... ನ... ನಮ್ಮೂರಿನ ಜನಕ್ಕೆ ನಮಸ್ಕಾರ." ಬಂತು! ವೇದಿಕೆಯ ಕೆಳಗೆ ನಿಂತ ನೊಯೆಮಿ ತುಟಿಯಲ್ಲೇ ಅವನ ಜೊತೆ ಹೇಳುತ್ತಿದ್ದಳು. ಜನ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತು ವರ್ಷದಲ್ಲಿ ಎರ್ಮಿಲೊನ ಒಂದು ಪೂರ್ತಿ ವಾಕ್ಯವನ್ನು ಯಾರೂ ಕೇಳಿರಲಿಲ್ಲ. "ಒಂದು ವಿ... ವಿಷಯ ಹೇಳಬೇಕು. ನನಗೂ ಕ್ರಿ... ಕ್ರಿಸಾಂತೊ ಅಣ್ಣನಿಗೂ ಮ... ಮಾತ್ರ ಗೊತ್ತಿರೋದು." ಕ್ರಿಸಾಂತೊನ ಕುತ್ತಿಗೆಯಿಂದ ಬೆವರು ಪಿಟೀಲಿನ ಮೇಲೆ ಇಳಿಯಿತು. "ಆ ರೇಡಿಯೊದವರು ಬಂದ ದಿನ... ನಾನು ಅವರಿಗೆ..." ಎಂದು ಎರ್ಮಿಲೊ ನಿಂತ. ಅಕ್ಷರ ಎದುರಾಗಿತ್ತು. "ಬ..." ಎಂದ. "ಬ... ಬ..."

ಒಂದು ಸ್ವರ ಕೊಡಬಹುದಿತ್ತು. ಕಮಾನು ತಂತಿಯ ಮೇಲೇ ಇತ್ತು, ಗದ್ದದ ಕೆಳಗೆ ಪಿಟೀಲು ಸಿದ್ಧವಾಗಿಯೇ ಇತ್ತು. ಬೆರಳಗಲ ಎಳೆದಿದ್ದರೆ ಸಾಕು, ಎರ್ಮಿಲೊ ಅದನ್ನು ಹಿಡಿದು ಆಚೆ ದಾಟುತ್ತಿದ್ದ. ಕ್ರಿಸಾಂತೊ ಎಳೆಯಲಿಲ್ಲ. ಎರ್ಮಿಲೊನ ಕಿವಿಯ ಹಿಂದಿನ ನರ ಉಬ್ಬಿ ಅದುರುವುದನ್ನು, ಎಡಗೈ ತೊಡೆಯ ಮೇಲೆ ತಾಳ ಹುಡುಕುವುದನ್ನು ಹಿಂದಿನಿಂದ ನೋಡುತ್ತ ನಿಂತ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣು ತಗ್ಗಿಸಿದಳು. ಕೋಳಿ ಮಾರುವವರ ಕಡೆಯಿಂದ ಯಾರೋ ಕಿಸಕ್ಕೆಂದರು. "ಬ... ಬ... ಬ..." ನೊಯೆಮಿ ಕೈಯೆತ್ತಿ, ಉಸಿರು, ಉಸಿರು ಎಂದು ಸನ್ನೆ ಮಾಡುತ್ತಿದ್ದಳು. ಎರ್ಮಿಲೊ ಕಣ್ಣು ಮುಚ್ಚಿದ. ಭುಜ ಇಳಿಯಿತು, ಉಸಿರು ಒಳಗೆ ಹೋಯಿತು, ಮುಖ ಸಡಿಲವಾಯಿತು. ಇನ್ನೊಂದು ಕ್ಷಣದಲ್ಲಿ ಮಾತು ಬರುತ್ತದೆ ಎಂದು, ಮೂವತ್ತು ವರ್ಷ ಆ ಬೆನ್ನನ್ನು ಓದಿದ ಕ್ರಿಸಾಂತೊನಿಗೆ ಗೊತ್ತಾಯಿತು. ಆಗ ಅವನ ಕಮಾನು ಹಾರಿತು. ತಾಚೊ, ಸನ್ನೆ ಸಿಕ್ಕಿತೆಂದು, ದೊಡ್ಡ ಗಿಟಾರನ್ನು ಬಾರಿಸಿಯೇಬಿಟ್ಟ. ಪದ ಎಲ್ಲಿಂದ ಬಂತೋ ಕ್ರಿಸಾಂತೊ ಹುಡುಕಲಿಲ್ಲ. ಯಾರೋ ಆಗಲೇ ಬರೆದಿಟ್ಟದ್ದನ್ನು ಓದುವವನಂತೆ ಹಾಡಿದ:

ಕೊಂಬೆ ಮೇಲಿನ ಹಾಡುಹಕ್ಕಿಗೆ ಕೂಗೋದೆಂದರೆ ಹಬ್ಬ,
ಮಾತಾಡು ಅಂದರೆ ಮಾತ್ರ ಬ ಬ ಬ ಬ ಬಬ್ಬ!

ಚೌಕ ಒಡೆದುಹೋಯಿತು. ಮರ್ಯಾದೆಗೆಂದು ಅಷ್ಟು ಹೊತ್ತು ಬಿಗಿಹಿಡಿದಿದ್ದ ನಗುವೆಲ್ಲ ಒಮ್ಮೆಲೇ ಹೊರಬಿತ್ತು. ಹಲಗೆಯ ಮುಂದೆ ಹಾಡಿದ ಮಾತಿಗೆ ಮುನಿಯಬಾರದೆಂಬುದು ಆ ಸೀಮೆಯ ಕಟ್ಟಳೆ. ಹಾಡಿದವನೂ ಹಾಡಿಸಿಕೊಂಡವನೂ ಒಂದೇ ಬಟ್ಟಲಿನಲ್ಲಿ ಸಾರಾಯಿ ಕುಡಿಯಬೇಕು. ಇನ್ನೊಂದು ಕಟ್ಟಳೆಯೂ ಉಂಟು. ಒಬ್ಬ ಎರಡು ಸಾಲು ಹಾಡಿದರೆ ಜೊತೆಗಾರ ಅದೇ ಎರಡು ಸಾಲನ್ನು ತಿರುಗಿ ಹಾಡಬೇಕು. ಆ ಬಳಿಕವೇ ಮೊದಲಿನವನು ಮುಗಿಸುವುದು. ಮೂವತ್ತು ವರ್ಷದಲ್ಲಿ ಎರ್ಮಿಲೊ ಒಂದು ಸಾಲನ್ನೂ ತಿರುಗಿಸದೆ ಬಿಟ್ಟವನಲ್ಲ. ಕ್ರಿಸಾಂತೊನ ಪಿಟೀಲು ನಡುವಿನ ಗತ್ತನ್ನು ನುಡಿಸಿ ಮುಗಿಸುವಷ್ಟರಲ್ಲಿ, ಇವನು ತಿರುಗಿಸದಿರಲಿ ಎಂಬ ಆಸೆಯೂ ತಿರುಗಿಸಲಿ ಎಂಬ ಆಸೆಯೂ ಒಟ್ಟಿಗೇ ಅವನ ಎದೆಯಲ್ಲಿ ಹಾದುಹೋದವು. ಎರ್ಮಿಲೊ ಹಿಂದಕ್ಕೆ ನೋಡಲಿಲ್ಲ. ಹರಾನವನ್ನು ಎತ್ತಿಕೊಂಡ. ಮೈಕಿಗೆ ಬಾಯಿಟ್ಟು, ತನ್ನನ್ನೇ ಅಣಕಿಸುವ ಆ ಎರಡು ಸಾಲುಗಳನ್ನು ತನ್ನ ಆ ದನಿಯಲ್ಲಿ ತಿರುಗಿ ಹಾಡಿದ. 'ಬ ಬ ಬ ಬ' ಬಂದಾಗ ಪ್ರತಿ ಅಕ್ಷರವನ್ನೂ ಮೆಟ್ಟಿಲು ಮಾಡಿಕೊಂಡು ಕಳ್ಳದನಿ ಮೇಲೇರಿತು. ಒಂದೂ ಎಡವಲಿಲ್ಲ. ಜನ ಕುಣಿದಾಡಿದರು. ಕ್ರಿಸಾಂತೊ ಮುಗಿಸಬೇಕಿತ್ತು, ಮುಗಿಸಿದ:

ಬೆಳಿಗ್ಗೆ 'ಬಂದೆ' ಎನ್ನಲು ಬಾಯಿ ತೆರೆದನು ಅಣ್ಣ,
ಬಂದೆ ಅನ್ನೋದರೊಳಗೆ ಬಾಡಿತು ಬಿಸಿಲಿನ ಬಣ್ಣ!

ತನ್ನ ಬದುಕಿನಲ್ಲಿ ಕಟ್ಟಿದ ಪದಗಳಲ್ಲೆಲ್ಲ ಇದೇ ಉತ್ತಮವೆಂದು ಅದು ಬಾಯಿಂದ ಹೊರಟ ಕ್ಷಣವೇ ಅವನಿಗೆ ತಿಳಿಯಿತು. ಆ ತಿಳಿವಿನಲ್ಲಿ ಸುಖವಿತ್ತು. ಅದನ್ನು ಅವನು ಆಮೇಲೆ ಎಷ್ಟು ಬಾರಿ ಅಲ್ಲಗಳೆಯಲು ನೋಡಿದರೂ, ಇತ್ತು. ಎದುರಿಗಿದ್ದ ಮುಖಗಳೆಲ್ಲ ಮೊದಲ ಸಲ ಎರ್ಮಿಲೊನನ್ನು ಬಿಟ್ಟು ತನ್ನತ್ತ ತಿರುಗಿದ್ದವು, ರೊಟ್ಟಿ ಅಂಗಡಿಯವಳು ಹೊಟ್ಟೆ ಹಿಡಿದುಕೊಂಡು ನಗುತ್ತ, "ಇನ್ನೊಂದ್ಸಲ! ದೊನ್ ಕ್ರಿಸಾಂತೊ, ಇನ್ನೊಂದ್ಸಲ!" ಎಂದು ಕೂಗುತ್ತಿದ್ದಳು. ನೊಯೆಮಿ ಮಾತ್ರ ಬಿಸಿಲಿನಲ್ಲಿ ಕಲ್ಲಾಗಿ ನಿಂತಿದ್ದಳು.

ಇನ್ನೊಂದು ಸಲ ಶುರುಮಾಡಿದವನು ಎರ್ಮಿಲೊ. ತಂತಿಯ ಮೇಲಿನ ಕೈ ನಿಲ್ಲಿಸಲೇ ಇಲ್ಲ. ಪದವನ್ನು ಮೊದಲಿನಿಂದ ತಾನೇ ಎತ್ತಿಕೊಂಡ. ನಾಲ್ಕು ಸಾಲೂ ಒಮ್ಮೆ ಕೇಳಿದ್ದಕ್ಕೇ ಅವನಿಗೆ ಬಾಯಿಪಾಠವಾಗಿತ್ತು. ಈಗ ತಿರುಗಿ ಹಾಡುವ ಸರದಿ ಕ್ರಿಸಾಂತೊನದು. ಅವನು ತನ್ನ ಒರಟು ದನಿಯಲ್ಲಿ ಹಾಡಿದ. ಜನ ನಕ್ಕರು. ಮುಗಿದೊಡನೆ ಎರ್ಮಿಲೊ ಮತ್ತೆ ಮೊದಲ ಸಾಲಿಗೆ ಬಂದ. ಮೂರನೆಯ ಸಲ ಹಿಂದಿನ ಸಾಲಿನವರು ಮಾತ್ರ ನಕ್ಕರು. "ಸಾಕು ಬಿಡೋ," ಎಂದು ತಾಚೊ ಹಲ್ಲಿನ ನಡುವೆ ಗೊಣಗಿದ. ಎರ್ಮಿಲೊ ನಾಲ್ಕನೆಯ ಸಲ ಎತ್ತಿದ. ಹಲಗೆಯ ಮೇಲೆ ಕುಣಿಯುತ್ತಿದ್ದ ಇಬ್ಬರು ಏನು ಮಾಡಬೇಕೆಂದು ತಿಳಿಯದೆ ನಿಂತರು. ಹಾಡುಗಾರ ಪದ ಎತ್ತಿದಾಗ ಪಿಟೀಲು ನಿಲ್ಲಿಸಿದರೆ ಅಂಥವನನ್ನು ಮತ್ತೆ ಯಾರೂ ಕರೆಯುವುದಿಲ್ಲ; ಅದಕ್ಕೇ ಕ್ರಿಸಾಂತೊ ನುಡಿಸಿದ. ಐದನೆಯ ಸಲಕ್ಕೆ ಎರ್ಮಿಲೊನ ದನಿ ಯಾವತ್ತೂ ಮುಟ್ಟದ ಎತ್ತರವನ್ನು ಮುಟ್ಟಿತು. ಅದರಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಏನೂ ಇರಲಿಲ್ಲ. ಕೇಳಲು ಅಸಹ್ಯವಾಗುವಷ್ಟು ಸುಂದರವಾಗಿತ್ತು. 'ಬ ಬ ಬ ಬ' ಎಂಬುದು ನಿಶ್ಶಬ್ದವಾದ ಚೌಕದ ಮೇಲೆ, ಇಗರ್ಜಿಯ ಗೋಡೆಗೆ ಬಡಿದು, ಕೋಳಿಗಳ ಪಂಜರಗಳ ಮೇಲೆ ಹಾದುಹೋಯಿತು. ಯಾರೋ ಟೋಪಿ ತೆಗೆದರು. ಕೊನೆಗೆ ರೆನಾತ ನಗುಮುಖ ಮಾಡಿಕೊಂಡು ಬಂದು ಮೈಕು ಕಿತ್ತುಕೊಂಡು, "ಊಟಕ್ಕೆ ಎಲ್ಲರೂ ಬನ್ನಿ," ಎಂದಳು.

ಊಟ ಶಾಲೆಯ ಜಗಲಿಯಲ್ಲಿ. ಬಾಳೆಲೆಯಲ್ಲಿ ಸುತ್ತಿ ಮಣ್ಣಿನ ಗೂಡಿನಲ್ಲಿ ಬೇಯಿಸಿದ ಆಳುದ್ದದ ಸಕಾವಿಲನ್ನು ಬಿಡಿಸುತ್ತಿದ್ದರು; ಮೆಕ್ಕೆಜೋಳದ ಹಿಟ್ಟು, ಮೆಣಸು, ಹಂದಿಮಾಂಸದ ಹಬೆ ಎಲ್ಲರ ಮುಖಕ್ಕೂ ಹೊಡೆಯುತ್ತಿತ್ತು. ಎರ್ಮಿಲೊ ದೂರದಲ್ಲಿ ಮುಖ್ಯರ ನಡುವೆ ಕೂತು, ಪದಕವನ್ನು ಸಾರಿಗೆ ತಾಗದಂತೆ ಬೆನ್ನ ಮೇಲೆ ತಿರುಗಿಸಿಕೊಂಡು ಊಟ ಮಾಡುತ್ತಿದ್ದ. ಜನ ಬಂದು ಕ್ರಿಸಾಂತೊನ ಬೆನ್ನು ತಟ್ಟಿ ಹೋದರು. "ಎಂಥಾ ಪದ ಗುರುವೇ!" ಎಂದರು. ಯಾರೂ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ. ನೊಯೆಮಿ ತಟ್ಟೆ ತಂದು ಅವನ ಮುಂದಿಟ್ಟಳು, ಚಮಚವನ್ನು ಒರೆಸಿ ಪಕ್ಕಕ್ಕಿಟ್ಟಳು, ದೊಡ್ಡಪ್ಪನಿಗೆ ಯಾವತ್ತೂ ಮಾಡುವ ಹಾಗೆಯೇ.

"ಮೂರು ತಿಂಗಳು ಹೇಳಿ ಹೇಳಿ ನಂಗೂ ಬಾಯಿಪಾಠ ಆಗಿಬಿಟ್ಟಿದೆ," ಎಂದಳು. "ಹೇಳ್ಲಾ?"

"ಬೇಡಮ್ಮ."

ಅವಳು ತರಗತಿಯಲ್ಲಿ ಪಾಠ ಒಪ್ಪಿಸುವವರ ಹಾಗೆ, ಏರಿಳಿತವಿಲ್ಲದೆ ಹೇಳಿದಳು. "ಆ ರೇಡಿಯೊದವರು ಬಂದ ದಿನ ನಾನು ಅವರಿಗೆ ಬರ್ತೀನಿ ಅಂತಲೇ ಹೇಳೋಕೆ ಹೊರಟಿದ್ದೆ. ಅಣ್ಣ ಬರಲ್ಲ ಅಂದ. ಒಂದು ವರ್ಷ ನನಗೆ ಅವನ ಮೇಲೆ ಹಗೆ ಇತ್ತು. ಆಮೇಲೆ ಯೋಚನೆ ಮಾಡಿದೆ. ನಾನು ಹೋಗಿದ್ರೆ ಒಬ್ಬನೇ ಹೋಗ್ತಿದ್ದೆ, ಅಲ್ಲಿ ನನ್ನ ಮಾತು ಯಾರಿಗೆ ತಿಳೀತಿತ್ತು? ಅದರಿಂದ ಈ ಪದಕ ಅರ್ಧ ಅವನದು. ಇದನ್ನ ಅವನ ಕೊರಳಿಗೆ ನಾನೇ ಹಾಕ್ತೀನಿ. ಅವನು ಇಪ್ಪತ್ತೆರಡು ವರ್ಷದಿಂದ ನನ್ನ ಕಣ್ಣು ತಪ್ಪಿಸ್ತಾ ಇದಾನೆ, ಇನ್ನು ಸಾಕು." ಅವಳು ನಿಲ್ಲಿಸಿದಳು. "ಇಷ್ಟೇ. ಅವರು 'ಬರ್ತೀನಿ' ಅನ್ನೋ ಹತ್ರ ಯಾವಾಗ್ಲೂ ಸಿಕ್ಕಿಹಾಕ್ಕೊಳ್ತಿದ್ರು. ಉಸಿರು ತಗೊಂಡ್ರೆ ಬರ್ತಿತ್ತು. ಇವತ್ತೂ ತಗೊಂಡಿದ್ರು, ನೀವು ನೋಡಿದ್ರಿ." ಪಕ್ಕದ ಮೇಜಿನಿಂದ ಯಾರೋ ಕಾಫಿ ಕೇಳಿದರು. "ತಣ್ಣಗಾಗುತ್ತೆ ದೊಡ್ಡಪ್ಪ, ತಿನ್ನಿ," ಎಂದು ಹೇಳಿ ಅವಳು ಹೋದಳು. ಅವನು ತಿಂದ. ತಿನ್ನದೆ ಎದ್ದರೆ ಎಲ್ಲರೂ ನೋಡುತ್ತಾರೆಂದು ಪೂರ್ತಿ ತಿಂದ. ಎಲೆಗೆ ಅಂಟಿದ್ದನ್ನೂ ಬೆರಳಿನಿಂದ ಬಳಿದ.

ಎರ್ಮಿಲೊ ಮುಂದಿನ ಭಾನುವಾರ ಎಂದಿನ ಹೊತ್ತಿಗೇ ಹರಾನ ಹಿಡಿದು ಬಂದ. ಅದು ಕ್ರಿಸಾಂತೊ ನಿರೀಕ್ಷಿಸಿದ ಯಾವ ಶಿಕ್ಷೆಯೂ ಆಗಿರಲಿಲ್ಲ. ಬೈದಿದ್ದರೆ, ಬಿಟ್ಟುಹೋಗಿದ್ದರೆ, ಕಡೆಗೆ ಮುಖ ತಿರುಗಿಸಿದ್ದರೂ ಆಗುತ್ತಿತ್ತು. ಅವನು ಬಂದ, ಶ್ರುತಿ ಮಾಡಿಕೊಂಡ, ಹಾಡಿದ, ಹೋದ. ಕ್ಷಮೆ ಕೇಳಬೇಕೆಂದು ಕ್ರಿಸಾಂತೊ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಎರ್ಮಿಲೊ ಹರಾನದ ಮೇಲೆ ಮುಂದಿನ ಹಾಡಿನ ಗತ್ತು ಶುರುಮಾಡಿದ. ಅಂಗಡಿಯಲ್ಲಿ ಅವನು ಈಗ ಒಬ್ಬನೇ ನಿಂತು, ಬೇಳೆಯೋ ಉಪ್ಪೋ ತಾನೇ ಕೇಳುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಮದುವೆಗಳಲ್ಲಿ ಜನ ಆ ಪದವನ್ನೇ ಕೇಳುತ್ತಿದ್ದರು. ಕೇಳಿದ್ದನ್ನು ಹಾಡುವುದು ಪದ್ಧತಿ. ಎರ್ಮಿಲೊ ಹಾಡುತ್ತಿದ್ದ, ಕ್ರಿಸಾಂತೊ ತಿರುಗಿ ಹಾಡುತ್ತಿದ್ದ. ಅದು ಊರಿಂದೂರಿಗೆ, ಲಾರಿಗಳಲ್ಲಿ, ಫೋನುಗಳಲ್ಲಿ, ಬಟ್ಟೆ ಒಗೆಯುವ ಹೆಂಗಸರ ಬಾಯಲ್ಲಿ ಹೋಯಿತು. ಒಂದು ವರ್ಷದಲ್ಲಿ ಅವನು ಕಟ್ಟಿದ ಬೇರೆ ಪದಗಳೆಲ್ಲ ಅದರ ಕೆಳಗೆ ಮುಚ್ಚಿಹೋದವು.

ಒಂದು ಮಧ್ಯಾಹ್ನ, ಹೊಳೆಯಾಚೆಯ ಹಳ್ಳಿಯ ಮದುವೆಯಲ್ಲಿ, ಅವರಿಬ್ಬರೂ ಬರೀ ಅತಿಥಿಗಳಾಗಿ ಹೋಗಿದ್ದಾಗ, ಪರವೂರಿನ ಮೂವರು ಯುವಕರ ತಂಡ ನುಡಿಸುತ್ತಿತ್ತು. ಪಿಟೀಲಿನವನಿಗೆ ಇನ್ನೂ ಮೀಸೆ ಬಲಿತಿರಲಿಲ್ಲ. ಅವನು ಆ ಪದವನ್ನು ಹಾಡಿದ. ಒಂದೆರಡು ಶಬ್ದ ಬದಲಾಗಿತ್ತು, ಆದರೆ ಪದ ಅದೇ. ಮುಗಿಸಿ, ಎರ್ಮಿಲೊನ ಗುರುತು ಸಿಕ್ಕಿ, ಟೋಪಿ ತೆಗೆದು ಓಡಿಬಂದ. "ದೊನ್ ಎರ್ಮಿಲೊ, ನಿಮ್ಮ ಮುಂದೆ ಹಾಡಿದ್ದು ನಮ್ಮ ಪುಣ್ಯ. ಈ ಪದ ನೀವು ಕೇಳಿರಬೇಕು. ಬಹಳ ಹಳೇದು."

"ಯಾರು ಕಟ್ಟಿದ್ದಂತೆ?" ಎಂದು ಕ್ರಿಸಾಂತೊ ಕೇಳಿದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ.

"ಯಾರಿಗೆ ಗೊತ್ತು ಯಜಮಾನ್ರೇ? ಯಾರೋ ಹಿಂದಿನ ಕಾಲದವರು. ದೊನ್ ಎರ್ಮಿಲೊಗೆ ಗೊತ್ತಿದ್ದರೂ ಗೊತ್ತಿರಬಹುದು." ಯುವಕ ಎರ್ಮಿಲೊನತ್ತ ಭಕ್ತಿಯಿಂದ ತಿರುಗಿದ. "ನಿಮಗೆ ಪರಿಚಯ ಇತ್ತಾ ಅವರದು?"

ಎರ್ಮಿಲೊ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. ಪಕ್ಕದಲ್ಲಿ ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಕೂತಿದ್ದ ಕ್ರಿಸಾಂತೊನ ಕಡೆಗೆ ನೋಡಲಿಲ್ಲ. "ಇ... ಇತ್ತು," ಎಂದ. "ಸ..." ಎಂದು ಶುರುಮಾಡಿ ನಿಂತ. "ಸ... ಸ..." ಯುವಕ ತಾಳ್ಮೆಯಿಂದ ಕಾದ. ಮಾತು ಯಾವುದೆಂದು ಕ್ರಿಸಾಂತೊನಿಗೆ ಮೊದಲಕ್ಷರದಲ್ಲೇ ಗೊತ್ತಾಗಿತ್ತು. ಎರ್ಮಿಲೊ ಕಣ್ಣು ಮುಚ್ಚಿ, ಭುಜ ಇಳಿಸಿ, ನಿಧಾನವಾಗಿ ಉಸಿರು ತೆಗೆದುಕೊಂಡ. ಯಾವ ಅವಸರವೂ ಇರಲಿಲ್ಲ ಅವನಿಗೆ.

"ಸತ್ತುಹೋದ," ಎಂದ.

"ಅಯ್ಯೋ ಪಾಪ," ಎಂದ ಯುವಕ.